ಒಲಿಂಪಿಯಾ: ಸ್ಪರ್ಧೆ ಮತ್ತು ಪ್ರದರ್ಶನ



ಸಿನಿಮಾ ಕುರಿತು ಮಾತನಾಡಿ ಎಂದು ಕರೆದಾಗ ನಾನು ಕನ್ನಡದ್ದೋ ಬಂಗಾಳಿಯದ್ದೋ ಒಂದು ಚಿತ್ರವನ್ನು ಆರಿಸಿಕೊಳ್ಳುತ್ತೇನೆಂದು ಸಂಘಟಕರು ಅಂದುಕೊಂಡಿದ್ದರೇನೋ. ನಾನು ಆರಿಸಿಕೊಂಡದ್ದು 1936ರ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ಲೆನಿ ರೀಫೆನ್‌ಸ್ಟಾಲ್ ನಿರ್ದೇಶಿಸಿದ ‘ಒಲಿಂಪಿಯಾ’. ಎರಡು ಭಾಗಗಳ, ಒಟ್ಟು ಮೂರೂವರೆ ಗಂಟೆಗೂ ಮೀರಿದ ಸಾಕ್ಷ್ಯಚಿತ್ರ. ಅದು ಬರ್ಲಿನ್‌ನಲ್ಲಿ ಮೊದಲು ತೆರೆ ಕಂಡದ್ದು 1938ರ ಏಪ್ರಿಲ್ 20ರಂದು, ಅಂದರೆ ಹಿಟ್ಲರ್‌ನ ಹುಟ್ಟುಹಬ್ಬದ ದಿನ. ಇಷ್ಟು ಹೇಳಿದ ಮೇಲೆ ಅದು ಯಾರ ಚಿತ್ರ, ಯಾರಿಗಾಗಿ ಮಾಡಿದ ಚಿತ್ರ ಎಂಬುದರಲ್ಲಿ ಗುಟ್ಟೇನೂ ಉಳಿಯುವುದಿಲ್ಲ.

ಹಾಗಿದ್ದರೂ ಈ ಚಿತ್ರವನ್ನು ಬದಿಗೆ ಸರಿಸಿ ಮುಂದೆ ಹೋಗಲು ಆಗುವುದಿಲ್ಲ. ಓಟಗಾರರ ಪಕ್ಕದಲ್ಲೇ ಹಳಿಯ ಮೇಲೆ ಓಡುವ ಕ್ಯಾಮೆರಾ, ನೆಲದ ಗುಂಡಿಯೊಳಗಿಂದ ಆಕಾಶಕ್ಕೆ ನೋಡುವ ಕ್ಯಾಮೆರಾ, ನೀರಿನಡಿಯ ಕ್ಯಾಮೆರಾ, ನಿಧಾನಗತಿಯಲ್ಲಿ ತೋರಿಸುವ ಜಿಗಿತ. ನಾವು ಮನೆಯಲ್ಲಿ ಕೂತು ಟಿವಿಯಲ್ಲಿ ನೋಡುವ ಕ್ರೀಡೆಯ ಕಣ್ಣು ಬಹುಮಟ್ಟಿಗೆ ಅಲ್ಲಿ ಪಳಗಿದ್ದು. ‘ಪ್ರಚಾರ ಚಿತ್ರ’ ಎಂದು ಷರಾ ಬರೆದು ಮುಗಿಸುವುದು ಸುಲಭ. ‘ಕಲೆ ಬೇರೆ, ರಾಜಕೀಯ ಬೇರೆ’ ಎಂದು ಹೊಗಳಿ ಮುಗಿಸುವುದು ಇನ್ನೂ ಸುಲಭ. ಎರಡರಲ್ಲೂ ಚಿತ್ರವನ್ನು ನೋಡುವ ಕೆಲಸ ತಪ್ಪುತ್ತದೆ.

ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟು. ಸ್ಪರ್ಧೆಯೆಂದರೆ ಯಾರೋ ಗೆಲ್ಲುವುದು, ಯಾರೋ ಸೋಲುವುದು, ಎಲ್ಲರೂ ದಣಿಯುವುದು. ದಣಿವನ್ನು ನೋಡಿದ ಕಡೆ ಈ ಚಿತ್ರ ನಿಜವಾಗಿದೆ. ದಣಿವನ್ನು ಅಳಿಸಿದ ಕಡೆ ಅದು ಅತ್ಯಂತ ಸುಂದರವಾಗಿದೆ, ನಮಗೆ ಅತ್ಯಂತ ಅನುಮಾನ ಬರಬೇಕಾದದ್ದೂ ಅಲ್ಲಿಯೇ. ಮೊದಲು ಈ ಚಿತ್ರಕ್ಕಿಂತ ಹಿಂದಿನದನ್ನು ಸ್ವಲ್ಪದರಲ್ಲಿ ಹೇಳಿ, ಆಮೇಲೆ ಚಿತ್ರೀಕರಣದ ಬಗೆಗೆ, ಅಲ್ಲಿಂದ ಕೆಲವು ದೃಶ್ಯಗಳಿಗೆ, ಕೊನೆಗೆ ಚಿತ್ರದೊಳಗೆ ಬಾರದವರ ಕಡೆಗೆ ಬರುತ್ತೇನೆ.

ಜರ್ಮನಿಯ ಕ್ರೀಡಾ ಚಿತ್ರಗಳು ‘ಒಲಿಂಪಿಯಾ’ದಿಂದ ಶುರುವಾದವಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ದೇಶದಲ್ಲಿ ಅಂಗಸಾಧನೆಯ ಹುಚ್ಚು ಜೋರಾಗಿತ್ತು. 1925ರಲ್ಲಿ ಉಫಾ ಕಂಪನಿ, ವಿಲ್ಹೆಲ್ಮ್ ಪ್ರಾಗರ್ ನಿರ್ದೇಶನದಲ್ಲಿ, ‘ಶಕ್ತಿ ಮತ್ತು ಸೌಂದರ್ಯದ ಹಾದಿಗಳು’ ಎಂಬರ್ಥದ ಹೆಸರಿನ ಚಿತ್ರವನ್ನು ಹೊರತಂದಿತು. ವ್ಯಾಯಾಮ, ನೃತ್ಯ, ಈಜು, ನಡುನಡುವೆ ಪ್ರಾಚೀನ ಗ್ರೀಕರ ವ್ಯಾಯಾಮಶಾಲೆಯನ್ನು ಹೋಲುವ ದೃಶ್ಯಗಳು. ಗ್ರೀಕ್ ಶಿಲ್ಪಕ್ಕೂ ಜರ್ಮನ್ ಮೈಗೂ ನಂಟು ಹಾಕುವ ಅಭ್ಯಾಸ ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ಇತ್ತು ಎಂಬುದನ್ನು ಗಮನಿಸಿ.

ಎರಡನೆಯ ಮೂಲ ಆರ್ನಾಲ್ಡ್ ಫ್ಯಾಂಕ್. ಭೂವಿಜ್ಞಾನ ಓದಿದ್ದ ಫ್ಯಾಂಕ್ ಆಲ್ಪ್ಸ್ ಪರ್ವತಗಳಲ್ಲೇ ಸಿನಿಮಾ ತೆಗೆದರು, ಹಿಮದಲ್ಲಿ ಸ್ಕೀ ಮಾಡುತ್ತಲೇ ಚಿತ್ರೀಕರಿಸಬಲ್ಲ ಹುಡುಗರನ್ನು ತಯಾರು ಮಾಡಿದರು. ನೃತ್ಯಗಾರ್ತಿಯಾಗಿದ್ದ ರೀಫೆನ್‌ಸ್ಟಾಲ್ 1926ರಲ್ಲಿ ಅವರ ಚಿತ್ರದಲ್ಲಿ ನಾಯಕಿಯಾಗಿ ಬಂದರು, ಅವರ ಗರಡಿಯಲ್ಲೇ ಪಳಗಿದರು. 1928ರ ಸೇಂಟ್ ಮಾರಿಟ್ಸ್ ಚಳಿಗಾಲದ ಒಲಿಂಪಿಕ್ಸ್ ಬಗ್ಗೆ ಫ್ಯಾಂಕ್ ಒಂದು ಚಿತ್ರ ಮಾಡಿದ್ದರು. ‘ಒಲಿಂಪಿಯಾ’ದ ಕ್ಯಾಮೆರಾ ತಂಡದಲ್ಲಿದ್ದ ಗುಟ್ಸಿ ಲಾಂಟ್ಶ್ನರ್ ಈ ಪರ್ವತದ ಬಳಗದವರು. ಬರ್ಲಿನ್ ಕ್ರೀಡೆಗಳಿಗೆ ಆರು ತಿಂಗಳ ಮೊದಲು, 1936ರ ಫೆಬ್ರವರಿಯಲ್ಲಿ, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವತಃ ಬೆಳ್ಳಿ ಪದಕ ಗೆದ್ದಿದ್ದ ಸ್ಕೀ ಆಟಗಾರ! ಆಟಗಾರನ ಮೈ ಯಾವ ಕ್ಷಣದಲ್ಲಿ ಬಿಗಿಯುತ್ತದೆ, ಯಾವಾಗ ಸಡಿಲಗೊಳ್ಳುತ್ತದೆ ಎಂಬುದು ಇಂಥವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಇನ್ನೊಂದು ಚಿತ್ರದ ಹೆಸರನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಇ. ಎ. ಡ್ಯುಪಾಂಟ್ ನಿರ್ದೇಶಿಸಿದ ‘ಮ್ಯಾರಥಾನ್ ಓಟಗಾರ’, 1933. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೊರಟ ಕ್ರೀಡಾಪಟುಗಳ ನಡುವಿನ ಪೈಪೋಟಿ ಮತ್ತು ಪ್ರೇಮದ ಕಥೆ ಅದು. ‘ವೆರೈಟಿ’ಯಂಥ ಪ್ರಸಿದ್ಧ ಮೂಕಿ ಚಿತ್ರ ಮಾಡಿದ್ದ ಡ್ಯುಪಾಂಟ್ ಯಹೂದಿ. ಜರ್ಮನಿಯಲ್ಲಿ ಅವರು ಮಾಡಿದ ಕೊನೆಯ ಚಿತ್ರ ಅದೇ ಆಯಿತು. ಅವರು ಹಾಲಿವುಡ್ ಸೇರಿದರು. ಕ್ರೀಡೆಯನ್ನು ಮನುಷ್ಯರ ಅಸೂಯೆ, ಆಸೆಗಳ ಜತೆಗಿಟ್ಟು ಹೇಳುವ ಕಥಾಚಿತ್ರದ ದಾರಿ ಅಲ್ಲಿ ಸೊರಗಿತು. ಶಿಲ್ಪ, ಪರ್ವತ, ಮೈಕಟ್ಟಿನ ದಾರಿ ದೊಡ್ಡದಾಯಿತು.

ಇನ್ನು ಚಿತ್ರ ತಯಾರಾದ ಬಗೆ. ಬರ್ಲಿನ್‌ಗೆ ಒಲಿಂಪಿಕ್ಸ್ ಸಿಕ್ಕಿದ್ದು 1931ರಲ್ಲಿ, ಪ್ರಜಾಪ್ರಭುತ್ವ ಇದ್ದಾಗ. ಕ್ರೀಡೆಗಳು ನಡೆಯುವ ಹೊತ್ತಿಗೆ ದೇಶವೇ ಬದಲಾಗಿತ್ತು. ಚಿತ್ರಕ್ಕಾಗಿ ‘ಒಲಿಂಪಿಯಾ ಫಿಲ್ಮ್’ ಎಂಬ ಖಾಸಗಿ ಕಂಪನಿಯನ್ನು ಹುಟ್ಟುಹಾಕಲಾಯಿತು. ಹೆಸರಿಗಷ್ಟೇ ಖಾಸಗಿ. ಹದಿನೈದು ಲಕ್ಷ ರೈಷ್‌ಮಾರ್ಕ್ ಹಣ ಬಂದದ್ದು ಗೊಬೆಲ್ಸ್‌ನ ಪ್ರಚಾರ ಮಂತ್ರಾಲಯದ ಕಡೆಯಿಂದ. ಸರ್ಕಾರವೇ ಚಿತ್ರ ತೆಗೆಯುತ್ತಿದೆ ಎಂದು ಹೊರಗೆ ಕಾಣಬಾರದು ಎಂಬುದಕ್ಕೆ ಮಾಡಿದ ಏರ್ಪಾಡು ಅದು ಎಂದು ಅಂದಿನ ಸರ್ಕಾರಿ ಕಡತಗಳೇ ಹೇಳುತ್ತವೆ. ಯುದ್ಧ ಮುಗಿದ ಮೇಲೆ ರೀಫೆನ್‌ಸ್ಟಾಲ್ ಇದು ಸ್ವತಂತ್ರ ನಿರ್ಮಾಣ ಎಂದು ಸಾಧಿಸುತ್ತಲೇ ಬಂದರು. 2003ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಮಾತು ಬಿಡಲಿಲ್ಲ. ಕಡತದ ಮಾತನ್ನೇ ನಂಬುವುದು ಲೇಸು.

ದುಡ್ಡು ಯಾರದ್ದೇ ಆಗಲಿ, ಕೆಲಸ ಮಾತ್ರ ದೊಡ್ಡದು. ಒಂದು ಲಕ್ಷ ಜನ ಕೂರುವ ಹೊಸ ಕ್ರೀಡಾಂಗಣ. ಅದರ ನೆಲದಲ್ಲಿ ಗುಂಡಿಗಳನ್ನು ತೋಡಿಸಿ ಕ್ಯಾಮೆರಾದವರನ್ನು ಇಳಿಸಿದರು. ಅಲ್ಲಿಂದ ನೋಡಿದಾಗ ಜಿಗಿಯುವವರ ಹಿಂದೆ ಪ್ರೇಕ್ಷಕರಿಲ್ಲ, ಫಲಕಗಳಿಲ್ಲ, ಬರೀ ಆಕಾಶ. ಮೇಲಿನಿಂದ ತೆಗೆಯಲು ಗೋಪುರಗಳು. ಪುಟ್ಟ ಕ್ಯಾಮೆರಾಗಳನ್ನು ಬಲೂನಿಗೆ ಕಟ್ಟಿ ಹಾರಿಬಿಟ್ಟು, ಸಿಕ್ಕವರು ತಂದು ಕೊಡಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ನೀರಿಗೆ ಧುಮುಕುವವರನ್ನು ಹಿಡಿಯಲು ಹಾನ್ಸ್ ಎರ್ಟ್ಲ್ ನೀರೊಳಗೆ ಇಳಿಯುವ ಕ್ಯಾಮೆರಾ ಪೆಟ್ಟಿಗೆ ಮಾಡಿಕೊಂಡರು. ಮೇಲೆ ಗಾಳಿಯಲ್ಲಿದ್ದಾಗ ಒಂದು ಫೋಕಸ್, ನೀರಿಗೆ ಬಿದ್ದ ತಕ್ಷಣ ಇನ್ನೊಂದು. ಬೆಳಕಿನ ಹೊಂದಾಣಿಕೆಯೂ ಬೇರೆ. ಕ್ಯಾಮೆರಾ ಕೈಯಲ್ಲಿ ಹಿಡಿದವನು ಆಟಗಾರನ ಜತೆಗೇ ಮುಳುಗಬೇಕು.

ಸುಮಾರು ನಾಲ್ಕು ಲಕ್ಷ ಮೀಟರ್ ಫಿಲ್ಮ್ ಸುತ್ತಿತು. ಸಾಮಾನ್ಯ ವೇಗದಲ್ಲಿ ಓಡಿಸಿದರೆ ಹಗಲು ರಾತ್ರಿ ಬಿಡದೆ ಹತ್ತು ದಿನ ನೋಡುವಷ್ಟು. ಅದನ್ನು ನೋಡಿ, ವಿಂಗಡಿಸಿ, ಕತ್ತರಿಸಿ, ಜೋಡಿಸುವುದಕ್ಕೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಶಬ್ದವಂತೂ ಬಹುಪಾಲು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು: ಏದುಸಿರು, ಕುದುರೆಯ ಗೊರಸು, ಜನರ ಕೇಕೆ. ಸಂಗೀತ ಹರ್ಬರ್ಟ್ ವಿಂಟ್ ಅವರದ್ದು. ಸಾಕ್ಷ್ಯಚಿತ್ರವೆಂದರೆ ನಡೆದದ್ದನ್ನು ನಡೆದ ಹಾಗೆ ತೋರಿಸುವುದು ಎಂದು ತಿಳಿದವರಿಗೆ ಇಲ್ಲಿ ಇನ್ನೂ ಒಂದು ಅಚ್ಚರಿ ಕಾದಿದೆ. ಪೋಲ್‌ವಾಲ್ಟ್ ಫೈನಲ್ ಗಂಟೆಗಟ್ಟಲೆ ನಡೆದು ಕತ್ತಲಾಯಿತು. ಬೆಳಕು ಸಾಲಲಿಲ್ಲ. ಹಾಗಾಗಿ ಆಟಗಾರರನ್ನು ಮತ್ತೆ ಕರೆಸಿ, ದೀಪ ಹಾಕಿ, ಇನ್ನೊಮ್ಮೆ ಜಿಗಿಸಿದರು. ಡೆಕಾಥ್ಲಾನಿನ 1500 ಮೀಟರ್ ಓಟವೂ ಹೀಗೇ ಮರಳಿ ಓಡಿಸಿದ್ದು.

ಆ ಪೋಲ್‌ವಾಲ್ಟಿನ ವಿಷಯ ಬಂದದ್ದರಿಂದ ಒಂದು ಮಾತು. ಚಿನ್ನ ಅಮೆರಿಕದ ಅರ್ಲ್ ಮೆಡೋಸ್‌ಗೆ. ಅವರ ಹಿಂದೆ ಜಪಾನಿನ ಇಬ್ಬರು, ನಿಷಿದಾ ಮತ್ತು ಓಎ, ಒಂದೇ ಎತ್ತರ ಹಾರಿದ್ದರು. ತಮ್ಮೊಳಗೆ ಮತ್ತೆ ಸ್ಪರ್ಧಿಸಲು ಇಬ್ಬರೂ ಒಪ್ಪಲಿಲ್ಲ. ನಿಷಿದಾಗೆ ಬೆಳ್ಳಿ, ಓಎಗೆ ಕಂಚು ಎಂದಾಯಿತು. ಊರಿಗೆ ಮರಳಿದ ಮೇಲೆ ಅವರು ಎರಡೂ ಪದಕಗಳನ್ನು ನಡುವೆ ಕತ್ತರಿಸಿ, ಅರ್ಧ ಬೆಳ್ಳಿ ಅರ್ಧ ಕಂಚು ಬರುವಂತೆ ಬೆಸೆಸಿಕೊಂಡರು. ಚಿತ್ರದಲ್ಲಿ ಇದರ ಸುಳಿವಿಲ್ಲ. ಅಲ್ಲಿರುವುದು ಕಪ್ಪು ಆಕಾಶ, ಹೊಳೆಯುವ ಕೋಲು, ಮೇಲೇರಿ ಕೆಳಗಿಳಿಯುವ ಮೈ.

ಇನ್ನು ದೃಶ್ಯಗಳಿಗೆ ಬರೋಣ. ಇಲ್ಲಿ ಕೊಂಚ ನಿಧಾನಿಸುತ್ತೇನೆ.

ಚಿತ್ರ ಆರಂಭವಾಗುವುದು ಗ್ರೀಸಿನ ಪಾಳು ದೇಗುಲಗಳಲ್ಲಿ. ಮಂಜು, ಕಂಬಗಳು, ಶಿಲ್ಪಗಳು. ಕೊನೆಗೆ ಮೈರಾನನ ಡಿಸ್ಕಸ್ ಎಸೆಯುವವನ ಶಿಲ್ಪ ಕರಗಿ ಜೀವಂತ ಆಟಗಾರನಾಗುತ್ತದೆ. ಕಲ್ಲಿನಿಂದ ಎದ್ದು ಬಂದ ಆ ಮೈ ಜರ್ಮನಿಯ ಡೆಕಾಥ್ಲಾನ್ ಪಟು ಎರ್ವಿನ್ ಹೂಬರ್ ಅವರದ್ದು. ಅಲ್ಲಿಂದ ಪಂಜು ಹೊತ್ತ ಓಟಗಾರರು ಬರ್ಲಿನ್ ತಲುಪುತ್ತಾರೆ. ಒಲಿಂಪಿಯಾದಿಂದ ಪಂಜು ಓಡಿಸುವ ಪದ್ಧತಿ ಪ್ರಾಚೀನವಲ್ಲ. ಸಂಘಟಕ ಕಾರ್ಲ್ ಡೀಮ್ 1936ರಲ್ಲೇ ಮೊದಲ ಬಾರಿಗೆ ಜಾರಿಗೆ ತಂದದ್ದು. ಅದನ್ನು ಅನಾದಿ ಕಾಲದ್ದು ಎಂಬ ಹಾಗೆ ನಂಬಿಸಿದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು. ಗ್ರೀಕರ ನೇರ ವಾರಸುದಾರರು ನಾವು ಎಂಬ ನಾಜಿಗಳ ಹೇಳಿಕೆಯನ್ನು ಒಂದೂ ಮಾತಿಲ್ಲದೆ ಚಿತ್ರ ಒಪ್ಪಿಸಿಬಿಡುತ್ತದೆ. ಚಿತ್ರ ಬಿಡುಗಡೆಯಾದ 1938ರಲ್ಲೇ ಹಿಟ್ಲರ್ ಆ ಡಿಸ್ಕಸ್ ಶಿಲ್ಪದ ಪ್ರಸಿದ್ಧ ರೋಮನ್ ಪ್ರತಿಯನ್ನು ಇಟಲಿಯಿಂದ ಕೊಂಡು ಮ್ಯೂನಿಕ್‌ಗೆ ತರಿಸಿದ. ಯುದ್ಧದ ನಂತರ ಅದು ಇಟಲಿಗೆ ಮರಳಿತು.

ಈ ಪೀಠಿಕೆಯನ್ನು ಚಿತ್ರೀಕರಿಸಿದವರು ವಿಲ್ಲಿ ತ್ಸೀಲ್ಕೆ. ದೋಷವಿಲ್ಲದ ಮೈಗಳನ್ನು ಮಂಜಿನಲ್ಲಿ ಇಷ್ಟು ಮೋಹಕವಾಗಿ ತೋರಿಸಿದ ಮನುಷ್ಯ. 1937ರಲ್ಲಿ, ಚಿತ್ರ ಇನ್ನೂ ಸಂಕಲನದ ಮೇಜಿನ ಮೇಲಿದ್ದಾಗ, ಅವರನ್ನು ಮನೋರೋಗಿ ಎಂದು ಆಸ್ಪತ್ರೆಗೆ ಸೇರಿಸಿದರು. ಆ ಸರ್ಕಾರದ ‘ಆನುವಂಶಿಕ ಆರೋಗ್ಯ’ದ ಕಾನೂನಿನಡಿ ಬಲವಂತವಾಗಿ ಸಂತಾನಶಕ್ತಿಹರಣ ಮಾಡಿದರು. ಈ ಒಂದು ಸಂಗತಿ ತಿಳಿದ ಮೇಲೆ ಆ ಮಂಜು ಮೊದಲಿನಂತೆ ಕಾಣುವುದಿಲ್ಲ, ಕನಿಷ್ಠ ನನಗೆ.

ಕ್ರೀಡಾಂಗಣದೊಳಗೆ ಬಂದ ಮೇಲೆ ಚಿತ್ರದ ಧಾಟಿ ಬೇರೆ. ನೂರು ಮೀಟರ್ ಓಟಕ್ಕೆ ಮುನ್ನ ಓಟಗಾರರು ಪುಟ್ಟ ಕರಣೆ ಹಿಡಿದು ಬೂದಿ ಹಾಸಿದ ಓಟದ ಹಾದಿಯಲ್ಲಿ ತಮ್ಮ ಕಾಲಿಗೆ ತಾವೇ ಗುಂಡಿ ತೋಡಿಕೊಳ್ಳುತ್ತಾರೆ. ಆಗ ಸ್ಟಾರ್ಟಿಂಗ್ ಬ್ಲಾಕ್ ಬಳಕೆ ಇರಲಿಲ್ಲ. ಕ್ಯಾಮೆರಾ ಇದನ್ನು ಬಿಡದೆ ನೋಡುತ್ತದೆ. ಜೆಸ್ಸಿ ಓವೆನ್ಸ್ ಬಗ್ಗಿ ಸಜ್ಜಾಗುವಾಗ ಅವರ ಮುಖದ ಮೇಲೆ ನಿಲ್ಲುತ್ತದೆ. 10.3 ಸೆಕೆಂಡಿನಲ್ಲಿ ಮುಗಿಯುವ ಓಟಕ್ಕೆ ಕಾಯುವ ಹೊತ್ತನ್ನೇ ಚಿತ್ರ ಉದ್ದ ಮಾಡಿದೆ, ಅದರಲ್ಲಿ ಸೈ. ಉದ್ದ ಜಿಗಿತದಲ್ಲಿ ಓವೆನ್ಸ್ ಮತ್ತು ಜರ್ಮನಿಯ ಲುಟ್ಸ್ ಲಾಂಗ್ ನಡುವಿನ ಜಿದ್ದಾಜಿದ್ದಿಯನ್ನು ಒಂದೊಂದೇ ಜಿಗಿತವಾಗಿ ಕಟ್ಟಿದ್ದಾರೆ. ಲಾಂಗ್ 7.87 ಮೀಟರ್ ಹಾರಿ ಸಮ ಮಾಡುತ್ತಾರೆ. ಓವೆನ್ಸ್ ಕೊನೆಗೆ 8.06ಕ್ಕೆ ಮುಟ್ಟುತ್ತಾರೆ. ಹಿಟ್ಲರ್‌ನ ಜನಾಂಗೀಯ ಸಿದ್ಧಾಂತಕ್ಕೆ ಒಲಿಂಪಿಕ್ಸ್‌ನಲ್ಲಿ ಬಿದ್ದ ಪೆಟ್ಟು ಎಂದು ಇದನ್ನು ಹೇಳುವುದು ವಾಡಿಕೆ. ಚಿತ್ರ ಓವೆನ್ಸ್‌ರನ್ನು ಮರೆಮಾಚಲಿಲ್ಲ, ನಿಜ. ಆದರೆ 800 ಮೀಟರ್ ಓಟದಲ್ಲಿ ಜರ್ಮನ್ ವಿವರಣೆಗಾರನ ದನಿ ಕೇಳಿ. ಅಮೆರಿಕದ ಜಾನ್ ವುಡ್ರಫ್, ಕೆನಡಾದ ಫಿಲ್ ಎಡ್ವರ್ಡ್ಸ್ ಎಂಬ ಇಬ್ಬರು ಕಪ್ಪು ಓಟಗಾರರ ಎದುರು ಬಿಳಿಯ ಜನಾಂಗದ ಬಲಿಷ್ಠರು ನಿಂತಿದ್ದಾರೆ ಎಂಬ ಅರ್ಥದಲ್ಲಿ ಓಟವನ್ನು ಪರಿಚಯಿಸುತ್ತಾನೆ. ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು. ಬೇರೆ ಭಾಷೆಗಳಿಗೆ ಬೇರೆ ಬೇರೆ ಪ್ರತಿಗಳನ್ನು ತಯಾರಿಸಿದ್ದರಿಂದ ಎಲ್ಲ ಪ್ರೇಕ್ಷಕರೂ ಒಂದೇ ‘ಒಲಿಂಪಿಯಾ’ ನೋಡಲಿಲ್ಲ ಎಂಬುದೂ ನೆನಪಿರಲಿ.

ಈಗ ಮ್ಯಾರಥಾನ್. ನನ್ನ ಮಟ್ಟಿಗೆ ಇಡೀ ಚಿತ್ರದ ಜೀವಾಳ ಇದು.

ಮೊದಲು ಹೊರಗಿನಿಂದ ನೋಡುತ್ತೇವೆ: ಹಾದಿ, ಮರಗಳು, ನೀರು ಕುಡಿಯುವ ತಾಣ, ಹಿಂದಿನ ಒಲಿಂಪಿಕ್ಸ್ ಗೆದ್ದಿದ್ದ ಅರ್ಜೆಂಟೀನಾದ ಝಬಾಲಾ ಮುಂದೆ. ಆಮೇಲೆ ಝಬಾಲಾ ಹಿಂದೆ ಬೀಳುತ್ತಾರೆ. ಸೋನ್ ಕೀ ಚುಂಗ್ ಮತ್ತು ಬ್ರಿಟನ್ನಿನ ಅರ್ನಿ ಹಾರ್ಪರ್ ಜತೆಜತೆಗೆ ಓಡುತ್ತಾರೆ. ಕಿಲೋಮೀಟರುಗಳು ಕಳೆದಂತೆ ಚಿತ್ರ ಓಟಗಾರನ ಒಳಕ್ಕೆ ಹೋಗುತ್ತದೆ. ಕೆಳಗೆ ನೋಡಿದರೆ ತನ್ನದೇ ಪಾದಗಳು, ರಸ್ತೆಯ ಮೇಲೆ ತನ್ನದೇ ನೆರಳು. ಈ ಶಾಟುಗಳನ್ನು ಅಭ್ಯಾಸದ ಓಟದಲ್ಲಿ ಓಟಗಾರರ ಕುತ್ತಿಗೆಗೆ ಪುಟ್ಟ ಕ್ಯಾಮೆರಾ ತೂಗುಹಾಕಿ ತೆಗೆದದ್ದು. ಅಂದರೆ ಇದೂ ಕಟ್ಟಿದ ದೃಶ್ಯವೇ. ಆದರೂ ಸುಳ್ಳೆನಿಸುವುದಿಲ್ಲ. ಪಾದ ಭಾರವಾಗಿದೆ, ಬಿಸಿಲು ಹತ್ತಿದೆ, ಮೈ ಬೇಡವೆನ್ನುತ್ತಿದೆ. ಸಂಗೀತ ಮಾತ್ರ ಮುಂದೆ ನೂಕುತ್ತಿದೆ. ಗ್ರೀಕ್ ಶಿಲ್ಪಕ್ಕೆ ಕಾಲು ನೋಯುವುದಿಲ್ಲ. ಇಲ್ಲಿ ನೋಯುವ ಕಾಲಿದೆ.

2 ಗಂಟೆ 29 ನಿಮಿಷ 19.2 ಸೆಕೆಂಡಿನಲ್ಲಿ ಗೆದ್ದ ಆ ಓಟಗಾರನನ್ನು ಚಿತ್ರ ‘ಸೋನ್, ಜಪಾನ್’ ಎನ್ನುತ್ತದೆ. ಅವರು ಕೊರಿಯಾದವರು. ದೇಶ ಜಪಾನಿನ ಅಧೀನದಲ್ಲಿದ್ದುದರಿಂದ ಜಪಾನಿನ ಬಾವುಟ ಎದೆಗೆ ಕಟ್ಟಿಕೊಂಡು, ಜಪಾನಿ ಉಚ್ಚಾರದ ಹೆಸರಿನಲ್ಲಿ ಓಡಬೇಕಾಗಿತ್ತು. ಮೂರನೆಯವರಾಗಿ ಬಂದ ನಾಮ್ ಸುಂಗ್ ಯೊಂಗ್ ಕೂಡ ಕೊರಿಯಾದವರೇ. ಪದಕ ಸಮಾರಂಭದಲ್ಲಿ ಜಪಾನಿನ ಬಾವುಟ ಏರುವಾಗ ಸೋನ್ ತಲೆ ತಗ್ಗಿಸಿ ನಿಂತಿದ್ದಾರೆ. ಗೆದ್ದವರಿಗೆ ಕೊಟ್ಟ ಓಕ್ ಸಸಿಯನ್ನು ಎದೆಯ ಲಾಂಛನಕ್ಕೆ ಅಡ್ಡವಾಗಿ ಹಿಡಿದಿದ್ದಾರೆ. ಸಿಯೋಲಿನ ‘ದೊಂಗ್ ಆ ಇಲ್ಬೊ’ ಪತ್ರಿಕೆ ಆ ಫೋಟೋದಲ್ಲಿದ್ದ ಎದೆಯ ಬಾವುಟವನ್ನು ಅಳಿಸಿ ಅಚ್ಚು ಹಾಕಿತು. ಪತ್ರಕರ್ತರು ಬಂಧನಕ್ಕೊಳಗಾದರು, ಪತ್ರಿಕೆ ತಿಂಗಳುಗಟ್ಟಲೆ ನಿಂತುಹೋಯಿತು. 1988ರಲ್ಲಿ ಸಿಯೋಲಿನಲ್ಲಿ ಒಲಿಂಪಿಕ್ಸ್ ನಡೆದಾಗ, ಎಪ್ಪತ್ತು ದಾಟಿದ ಸೋನ್ ಪಂಜು ಹಿಡಿದು ಕ್ರೀಡಾಂಗಣದೊಳಗೆ ಕುಣಿದಾಡುತ್ತ ಬಂದರು. ಒಲಿಂಪಿಕ್ಸ್ ದಾಖಲೆಯಲ್ಲಿ ಆ ಚಿನ್ನ ಇಂದಿಗೂ ಜಪಾನಿನ ಲೆಕ್ಕದಲ್ಲಿದೆ.

ಮ್ಯಾರಥಾನ್ ದೃಶ್ಯಕ್ಕೆ ಎದುರಾಗಿ ಎರಡನೇ ಭಾಗದ ಕೊನೆಯ ಡೈವಿಂಗ್ ದೃಶ್ಯ. ಸಿನಿಮಾ ಓದುವ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಮೊದಮೊದಲು ಹೆಸರು, ದೇಶ, ನೀರಿಗೆ ಬೀಳುವ ಸಪ್ಪಳ ಎಲ್ಲ ಇವೆ. ನಿಧಾನವಾಗಿ ವಿವರಣೆ ನಿಲ್ಲುತ್ತದೆ. ಆಮೇಲೆ ಹಲಗೆ ಕಾಣೆಯಾಗುತ್ತದೆ, ನೀರೂ ಕಾಣೆಯಾಗುತ್ತದೆ. ಮೋಡದ ಎದುರು ಕಪ್ಪು ಮೈಗಳು ಒಂದರ ಹಿಂದೊಂದು ತೇಲುತ್ತವೆ. ಕೆಲವು ಶಾಟುಗಳನ್ನು ಹಿಮ್ಮುಖವಾಗಿಯೂ ಜೋಡಿಸಿದ್ದಾರೆ. ಯಾರೂ ಕೆಳಗೆ ಬೀಳುವುದಿಲ್ಲ. ಸಂಕಲನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಚಿನ್ನ ಗೆದ್ದವರು ಯಾರು? ಸ್ಪ್ರಿಂಗ್‌ಬೋರ್ಡಿನಲ್ಲಿ ಡಿಕ್ ಡೆಗೆನರ್, ಪ್ಲಾಟ್‌ಫಾರ್ಮಿನಲ್ಲಿ ಮಾರ್ಷಲ್ ವೇಯ್ನ್, ಇಬ್ಬರೂ ಅಮೆರಿಕದವರು. ದೃಶ್ಯ ನೋಡಿ ಇದನ್ನು ಹೇಳಲಾರಿರಿ. ಸ್ಪರ್ಧೆ ಅಲ್ಲಿ ಮುಗಿದುಹೋಗಿದೆ. ಹೆಸರಿಲ್ಲದ, ಭಾರವಿಲ್ಲದ, ಸೋಲಿಲ್ಲದ ಮೈಗಳು ಉಳಿದಿವೆ. ಹೆಸರಿಲ್ಲದ ಚೆಲುವ ಮೈಗಳ ಸಾಲು ಯಾವ ಸರ್ಕಾರಕ್ಕೂ ಇಷ್ಟವೇ.

ಹೀಗೆ ಮೈಯನ್ನು ಆಕಾಶದೆದುರು ಒಂಟಿಯಾಗಿ ನಿಲ್ಲಿಸುವ ಈ ಕಣ್ಣಿಗೆ ತಂಡದ ಆಟಗಳು ಹಿಡಿಸುವುದಿಲ್ಲ. ಫುಟ್ಬಾಲ್, ಹಾಕಿ ಬಂದು ಹೋಗುತ್ತವೆ ಅಷ್ಟೇ. ನಮಗೆ ಇದು ಸ್ವಲ್ಪ ಬೇಸರದ ವಿಷಯ. ಏಕೆಂದರೆ 1936ರ ಆಗಸ್ಟ್ 15ರಂದು ಧ್ಯಾನ್‌ಚಂದ್ ನಾಯಕತ್ವದ ಭಾರತ ಹಾಕಿ ಫೈನಲಿನಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿತ್ತು. ಇಡೀ ಪಂದ್ಯಾವಳಿಯಲ್ಲಿ 38 ಗೋಲು ಹೊಡೆದು ಆ ಒಂದನ್ನಷ್ಟೇ ಬಿಟ್ಟುಕೊಟ್ಟಿತ್ತು. ಹಾಕಿಯ ಚೆಲುವು ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ ಸಾಗುವುದರಲ್ಲಿದೆ. ಗುಂಡಿಯೊಳಗಿನ ಕ್ಯಾಮೆರಾಕ್ಕೆ ಅದು ಸಿಗದು. ಅಂದು ಆಟಕ್ಕಿಳಿಯುವ ಮೊದಲು ಡ್ರೆಸಿಂಗ್ ರೂಮಿನಲ್ಲಿ ತಂಡದ ಸಹಾಯಕ ವ್ಯವಸ್ಥಾಪಕ ಪಂಕಜ್ ಗುಪ್ತ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಆಟಗಾರರು ಅದಕ್ಕೆ ವಂದಿಸಿ ಮೈದಾನಕ್ಕೆ ಹೋದರು. ಹೊರಗೆ ಅವರ ಹೆಸರಿನಲ್ಲಿ ಹಾರುತ್ತಿದ್ದುದು ಬ್ರಿಟಿಷ್ ಇಂಡಿಯಾದ ಬಾವುಟ. ಅದೇ ಕ್ರೀಡೆಗಳಲ್ಲಿ, ಸೋನ್ ತಲೆ ತಗ್ಗಿಸಿ ನಿಂತದ್ದಕ್ಕೆ ಆರು ದಿನಗಳ ನಂತರ.

ಕೊನೆಯದಾಗಿ, ಚಿತ್ರದೊಳಗೆ ಇಲ್ಲದವರು. ಮಹಿಳೆಯರ ಎತ್ತರ ಜಿಗಿತ ಚಿತ್ರದಲ್ಲಿದೆ. ಗೆದ್ದವರು ಹಂಗೇರಿಯ ಇಬೊಯ ಚಾಕ್, ಎತ್ತರ 1.60 ಮೀಟರ್. ಅದೇ ವರ್ಷ ಜೂನ್ ಕೊನೆಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಗ್ರೆಟೆಲ್ ಬರ್ಗ್‌ಮಾನ್ ಎಂಬ ಜರ್ಮನ್ ಯುವತಿ ಸರಿಯಾಗಿ 1.60 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಸರಿಗಟ್ಟಿದ್ದರು. ಅವರು ಯಹೂದಿ. ಅಮೆರಿಕ ಬಹಿಷ್ಕರಿಸೀತೆಂಬ ಭಯದಿಂದ ಅವರನ್ನು ಅಲ್ಲಿಯವರೆಗೆ ತರಬೇತಿಯಲ್ಲಿ ಇಟ್ಟುಕೊಂಡಿದ್ದರು. ಅಮೆರಿಕದ ತಂಡ ಹಡಗು ಹತ್ತಿದ ಮರುದಿನವೇ ಪತ್ರ ಬರೆದರು: ನಿಮ್ಮ ಸಾಧನೆ ಸಾಲದು, ತಂಡದಲ್ಲಿ ಜಾಗವಿಲ್ಲ. ಅವರ ಜಾಗದಲ್ಲಿ ಬೇರೆ ಯಾರನ್ನೂ ಹಾಕಲೂ ಇಲ್ಲ. ಮರುವರ್ಷ ಅಮೆರಿಕಕ್ಕೆ ಹೋದ ಬರ್ಗ್‌ಮಾನ್ 103 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು.

1936ರ ಅದೇ ಬೇಸಿಗೆಯ ಜುಲೈ ತಿಂಗಳಲ್ಲಿ ಬರ್ಲಿನ್ ನಗರವನ್ನು ‘ಶುಚಿ’ ಮಾಡುವ ನೆಪದಲ್ಲಿ ಸಿಂತಿ ಮತ್ತು ರೋಮಾ ಜನರನ್ನು ಹಿಡಿದು ಊರಾಚೆ ಮಾರ್ಟ್ಸಾನ್‌ನಲ್ಲಿ ಕೂಡಿಹಾಕಿದರು. ನಗರದಿಂದ ಹೆಚ್ಚು ದೂರವಿಲ್ಲದ ಸಾಕ್ಸನ್‌ಹೌಸನ್‌ನಲ್ಲಿ ಹೊಸ ಸೆರೆಶಿಬಿರ ಆ ಬೇಸಿಗೆಯಲ್ಲೇ ನಿರ್ಮಾಣವಾಗುತ್ತಿತ್ತು. ಕ್ಯಾಮೆರಾ ಕಟ್ಟಿಕೊಂಡು ಬರ್ಲಿನ್ ಮೇಲೆ ತೇಲಿದ ಬಲೂನುಗಳಿಗೆ ಅದು ಕಾಣದಿದ್ದುದರಲ್ಲಿ ವಿಶೇಷವಿಲ್ಲ. ಆ ಚಿತ್ರವನ್ನು ಎಲ್ಲೆಲ್ಲೂ ಕೊಂಡೊಯ್ದವರಿಗೆ ಗೊತ್ತಿರಲಿಲ್ಲ ಎನ್ನುವುದು ಮಾತ್ರ ನಂಬುವ ಮಾತಲ್ಲ.

1938ರ ವೆನಿಸ್ ಉತ್ಸವದಲ್ಲಿ ‘ಒಲಿಂಪಿಯಾ’ಕ್ಕೆ ಮುಸೊಲಿನಿ ಕಪ್ ಕೊಟ್ಟರು. ಅದರಿಂದ ಕೆರಳಿದ ಫ್ರಾನ್ಸ್ ತನ್ನದೇ ಚಿತ್ರೋತ್ಸವ ಮಾಡಲು ಹೊರಟಿತು. ಇಂದಿನ ಕಾನ್ ಉತ್ಸವದ ಹುಟ್ಟಿಗೆ ಇದೊಂದು ಕಾರಣ. ಅದೇ ವರ್ಷದ ನವೆಂಬರ್‌ನಲ್ಲಿ ಚಿತ್ರ ಮಾರಲು ರೀಫೆನ್‌ಸ್ಟಾಲ್ ಅಮೆರಿಕಕ್ಕೆ ಹೋದರು. ಅವರು ಅಲ್ಲಿ ಇಳಿದ ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಪುಡಿಮಾಡಿದ ಸುದ್ದಿ ಬಂತು. ಹಾಲಿವುಡ್ ಬಾಗಿಲು ಮುಚ್ಚಿತು. ಚಿತ್ರಕ್ಕೆ ಅಲ್ಲಿ ವಿತರಕರು ಸಿಗಲಿಲ್ಲ.

ಈಗ ಚಿತ್ರದ ಮೂರು ತುಣುಕುಗಳನ್ನು ತೋರಿಸುತ್ತೇವೆ. ಉದ್ದ ಜಿಗಿತ, ಮ್ಯಾರಥಾನ್, ಡೈವಿಂಗ್, ಇದೇ ಕ್ರಮದಲ್ಲಿ. ಡೈವಿಂಗ್ ಭಾಗವನ್ನು ಎರಡು ಸಲ ಹಾಕಲು ಕೇಳಿಕೊಂಡಿದ್ದೇನೆ: ಮೊದಲು ಸಂಗೀತದೊಂದಿಗೆ, ಆಮೇಲೆ ಸದ್ದು ತೆಗೆದು. ಎರಡನೇ ಸಲ ನೋಡುವಾಗ ಯಾವ ಶಾಟಿನಿಂದ ಮುಂದೆ ಆಟಗಾರರ ಹೆಸರು ನಿಮಗೆ ಬೇಡವಾಯಿತು ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಲಿ. ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.